ಹೆಸರು ಹೇಳುವ ಹೊಣೆ: ಡ್ರೂ ಫೌಸ್ಟ್ ಅವರ ಇತಿಹಾಸ ಮತ್ತು ಅಧಿಕಾರ

ವಿಶ್ವವಿದ್ಯಾನಿಲಯದ ಉನ್ನತ ಪೀಠಕ್ಕೆ ಯಾರು ತಕ್ಕವರು ಎಂಬ ಮಾತು ಬಂದಾಗ ವಿಜ್ಞಾನಿಗಳ, ತಂತ್ರಜ್ಞರ, ಅರ್ಥಶಾಸ್ತ್ರಜ್ಞರ ಹೆಸರುಗಳು ಮೊದಲು ಕೇಳಿಬರುತ್ತವೆ. ಇತಿಹಾಸದ ಪ್ರಾಧ್ಯಾಪಕರು ಆ ಪೀಠವನ್ನೇರಿದರೆ ಅದನ್ನೊಂದು ಆಕಸ್ಮಿಕವೆಂಬಂತೆ ನೋಡಲಾಗುತ್ತದೆ. ಹಳೆಯ ಕಡತಗಳಲ್ಲಿ ಮುಳುಗಿರುವವರಿಗೆ ಇಂದಿನ ಲೆಕ್ಕಪತ್ರ ಹೇಗೆ ತಿಳಿದೀತು ಎಂಬ ಸಂದೇಹ ಇದರ ಹಿಂದಿದೆ. ನಾವು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕೆಂದು ನನಗೆ ತೋರುತ್ತದೆ: ಇತಿಹಾಸವನ್ನು ಓದಿದವರು ಆ ಪೀಠಕ್ಕೆ ವಿಶೇಷವಾಗಿ ಏನನ್ನು ತರಬಲ್ಲರು? 2007ರಿಂದ 2018ರವರೆಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಡ್ರೂ ಗಿಲ್ಪಿನ್ ಫೌಸ್ಟ್ ಅವರ ಬದುಕು ಈ ಪ್ರಶ್ನೆಗೆ ಉತ್ತರವನ್ನೂ ಆ ಉತ್ತರದ ಮಿತಿಯನ್ನೂ ಒಟ್ಟಿಗೇ ತೋರಿಸುತ್ತದೆ. ಅಲ್ಲಿನ ಅಧ್ಯಕ್ಷ ಪದವಿ ಸ್ಥೂಲವಾಗಿ ನಮ್ಮ ಕುಲಪತಿ ಪದವಿಗೆ ಸಮಾನವಾದುದು.

1947ರಲ್ಲಿ ಜನಿಸಿದ ಫೌಸ್ಟ್ ಬೆಳೆದದ್ದು ವರ್ಜೀನಿಯಾದ ಗ್ರಾಮೀಣ ಪರಿಸರದಲ್ಲಿ, ಅನುಕೂಲಸ್ಥ ಬಿಳಿಯರ ಕುಟುಂಬವೊಂದರಲ್ಲಿ. ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆಯಾಗಿ ಇರಿಸುವ ವ್ಯವಸ್ಥೆ ಆಗ ಅಲ್ಲಿ ಗಾಳಿಯಷ್ಟೇ ಸಹಜವಾಗಿತ್ತು. 1957ರಲ್ಲಿ, ಒಂಬತ್ತು ವರ್ಷದ ಬಾಲಕಿ ಡ್ರೂ ಈ ಪ್ರತ್ಯೇಕತೆಯನ್ನು ಕೊನೆಗಾಣಿಸಬೇಕೆಂದು ಕೋರಿ ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಅವರಿಗೆ ಪತ್ರ ಬರೆದಳು. ಆ ಪತ್ರ ಐಸೆನ್‌ಹೋವರ್ ಗ್ರಂಥಾಲಯದ ಕಡತಗಳಲ್ಲಿ ಉಳಿದುಕೊಂಡಿತು. ದಶಕಗಳ ನಂತರ ಇತಿಹಾಸಕಾರರಾಗಿ ಬೆಳೆದ ಅವರೇ ತಮ್ಮ ಬಾಲ್ಯದ ಆ ದಾಖಲೆಯನ್ನು ಮತ್ತೆ ಕಂಡರು. ಇದು ಗಂಡಸರ ಲೋಕ, ಇದನ್ನು ಬೇಗ ಅರಿತಷ್ಟೂ ಒಳ್ಳೆಯದು ಎಂದು ತಾಯಿ ಹೇಳುತ್ತಿದ್ದುದನ್ನು ಫೌಸ್ಟ್ ಹಲವೆಡೆ ನೆನೆದಿದ್ದಾರೆ. ಮಗಳು ಆ ಪಾಠವನ್ನು ಒಪ್ಪಲಿಲ್ಲ. ಬ್ರಿನ್ ಮಾರ್ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದಾಗ, 1965ರಲ್ಲಿ, ನಾಗರಿಕ ಹಕ್ಕುಗಳ ಚಳವಳಿಗಾಗಿ ಅಲಬಾಮಾದ ಸೆಲ್ಮಾ ನಗರಕ್ಕೂ ಹೋಗಿಬಂದರು.

ಇಂಥ ಹಿನ್ನೆಲೆಯ ಸಂಶೋಧಕರು ಗುಲಾಮಗಿರಿಯನ್ನು ವಿರೋಧಿಸಿದ ವೀರರ ಚರಿತ್ರೆ ಬರೆಯುತ್ತಾರೆಂದು ಯಾರಾದರೂ ನಿರೀಕ್ಷಿಸಬಹುದು. ಫೌಸ್ಟ್ ಆರಿಸಿಕೊಂಡದ್ದು ಗುಲಾಮಗಿರಿಯನ್ನು ಸಮರ್ಥಿಸಿದ ವಿದ್ವಾಂಸರನ್ನು. 1975ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದ ಅವರ ಮೊದಲ ಕೃತಿ ಅಂತರ್ಯುದ್ಧಪೂರ್ವದ ದಕ್ಷಿಣ ಪ್ರಾಂತಗಳ ಬುದ್ಧಿಜೀವಿಗಳನ್ನು ಕುರಿತದ್ದು. 1982ರಲ್ಲಿ ಬಂದ ಕೃತಿ ದಕ್ಷಿಣ ಕೆರೊಲಿನಾದ ಜಮೀನ್ದಾರ, ಸೆನೆಟರ್ ಜೇಮ್ಸ್ ಹೆನ್ರಿ ಹ್ಯಾಮಂಡ್‌ನ ಜೀವನಚರಿತ್ರೆ. ಓದಿದವರು, ಸೂಕ್ಷ್ಮಮತಿಗಳು, ಧರ್ಮಗ್ರಂಥಗಳನ್ನು ಬಲ್ಲವರು ಮನುಷ್ಯರನ್ನು ಒಡೆತನಕ್ಕೆ ಒಳಪಡಿಸುವುದು ಸರಿಯೆಂದು ತಮ್ಮನ್ನು ತಾವೇ ಹೇಗೆ ಒಪ್ಪಿಸಿಕೊಂಡರು ಎಂಬುದು ಇಲ್ಲಿನ ಮೂಲಪ್ರಶ್ನೆ. ಅನ್ಯಾಯ ನಡೆಯಲು ಕ್ರೌರ್ಯವೊಂದೇ ಸಾಲದು, ಅದಕ್ಕೆ ವಿದ್ವತ್ತಿನ ಬೆಂಬಲವೂ ಬೇಕಾಗುತ್ತದೆ ಎಂಬ ಅರಿವು ಈ ಕೃತಿಗಳಿಂದ ಮೂಡುತ್ತದೆ. ವಿದ್ಯಾಸಂಸ್ಥೆಯೊಂದನ್ನು ನಡೆಸುವವರಿಗೆ ಇದಕ್ಕಿಂತ ಮುಖ್ಯವಾದ ಪೂರ್ವಪಾಠ ಇರಲಾರದು.

ಅವರ ಹೆಚ್ಚು ಪ್ರಸಿದ್ಧವಾದ ಕೃತಿ ‘ದಿಸ್ ರಿಪಬ್ಲಿಕ್ ಆಫ್ ಸಫರಿಂಗ್’. ಅಂತರ್ಯುದ್ಧದಲ್ಲಿ ಸತ್ತ, ಸಾಂಪ್ರದಾಯಿಕ ಅಂದಾಜಿನ ಪ್ರಕಾರ 6,20,000 ಸೈನಿಕರ ಸಾವನ್ನು ಅಮೆರಿಕದ ಸಮಾಜ ಹೇಗೆ ಅರಗಿಸಿಕೊಂಡಿತು ಎಂಬುದು ಅದರ ವಸ್ತು. ಯುದ್ಧ ಆರಂಭವಾದಾಗ ಸೈನಿಕರಿಗೆ ಅಧಿಕೃತ ಗುರುತುಬಿಲ್ಲೆಗಳಿರಲಿಲ್ಲ. ಮರಣದ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುವ ಕ್ರಮಬದ್ಧ ವ್ಯವಸ್ಥೆಯೂ ಇರಲಿಲ್ಲ. ಯುದ್ಧ ಮುಗಿದ ಮೇಲೆ ಉತ್ತರದ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರ ಅವಶೇಷಗಳನ್ನು ಹುಡುಕಿ, ಸಾಧ್ಯವಾದಷ್ಟು ಜನರ ಗುರುತು ಹಚ್ಚಿ, ರಾಷ್ಟ್ರೀಯ ಸಮಾಧಿಸ್ಥಳಗಳಲ್ಲಿ ಮತ್ತೆ ಹೂಳಲಾಯಿತು. ಆದರೂ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅನಾಮಿಕರಾಗಿಯೇ ಉಳಿದರು. ಸತ್ತವರ ಹೆಸರನ್ನು ಉಳಿಸುವುದು ಪ್ರಭುತ್ವದ ಕರ್ತವ್ಯ ಎಂಬ ಭಾವನೆ ಈ ದುಃಖದಿಂದ ರೂಪುಗೊಂಡಿತೆಂದು ಫೌಸ್ಟ್ ವಾದಿಸುತ್ತಾರೆ. 2008ರಲ್ಲಿ ಈ ಕೃತಿ ಹೊರಬಂದಾಗ ಅವರು ಹಾರ್ವರ್ಡ್‌ನ ಅಧ್ಯಕ್ಷರಾಗಿ ಕೆಲವೇ ತಿಂಗಳಾಗಿದ್ದವು.

ಆ ನೇಮಕಕ್ಕೂ ಒಂದು ಚಾರಿತ್ರಿಕ ಹಿನ್ನೆಲೆಯಿತ್ತು. ಅವರ ಹಿಂದಿನ ಅಧ್ಯಕ್ಷರಾದ ಲಾರೆನ್ಸ್ ಸಮರ್ಸ್ ವಿಜ್ಞಾನಕ್ಷೇತ್ರದಲ್ಲಿ ಸ್ತ್ರೀಯರ ಸಂಖ್ಯೆ ಏಕೆ ಕಡಿಮೆ ಎಂಬ ಬಗೆಗೆ 2005ರಲ್ಲಿ ಆಡಿದ ಮಾತುಗಳು ದೊಡ್ಡ ವಿವಾದವೆಬ್ಬಿಸಿದವು. ಮರುವರ್ಷ ಅವರು ಪದತ್ಯಾಗ ಮಾಡಿದರು. 1636ರಲ್ಲಿ ಸ್ಥಾಪಿತವಾದ ಸಂಸ್ಥೆಯ 28ನೆಯ ಅಧ್ಯಕ್ಷರಾಗಿ, ಮೊದಲ ಮಹಿಳಾ ಅಧ್ಯಕ್ಷರಾಗಿ ಫೌಸ್ಟ್ ಬಂದರು. ತಾನು ಹಾರ್ವರ್ಡ್‌ನ ‘ಮಹಿಳಾ ಅಧ್ಯಕ್ಷೆ’ ಅಲ್ಲ, ಹಾರ್ವರ್ಡ್‌ನ ಅಧ್ಯಕ್ಷೆ ಎಂಬುದು ಅವರ ನಿಲುವಾಗಿತ್ತು. ಮರುವರ್ಷವೇ ಆರ್ಥಿಕ ಕುಸಿತ ಎದುರಾಯಿತು. ಸುಮಾರು 3,700 ಕೋಟಿ ಡಾಲರುಗಳಷ್ಟಿದ್ದ ಸಂಸ್ಥೆಯ ನಿಧಿ 2009ರ ವೇಳೆಗೆ 2,600 ಕೋಟಿಗೆ ಇಳಿಯಿತು. ಅವರ ಅವಧಿ ಮುಗಿಯುವಷ್ಟರಲ್ಲಿ, ಒಂದೇ ಅಭಿಯಾನದಲ್ಲಿ 900 ಕೋಟಿ ಡಾಲರುಗಳಿಗೂ ಹೆಚ್ಚಿನ ದೇಣಿಗೆ ಸಂಗ್ರಹವಾಗಿತ್ತು. ಇತಿಹಾಸದವರಿಗೆ ಲೆಕ್ಕಪತ್ರ ತಿಳಿಯದೆಂಬ ಸಂದೇಹಕ್ಕೆ ಇಷ್ಟು ಉತ್ತರ ಸಾಕು.

ಆದರೆ ದೇಣಿಗೆ ತಂದ ಅಧ್ಯಕ್ಷರು ಅನೇಕರಿದ್ದಾರೆ. ಫೌಸ್ಟ್ ಅವರ ಅವಧಿಯಲ್ಲಿ ನನಗೆ ಎಲ್ಲಕ್ಕಿಂತ ಮಹತ್ವದ್ದೆನಿಸುವುದು 2016ರ ಏಪ್ರಿಲ್‌ನಲ್ಲಿ ನಡೆದ ಒಂದು ಸಣ್ಣ ಸಮಾರಂಭ. ಹಿಂದೆ ಅಧ್ಯಕ್ಷರ ನಿವಾಸವಾಗಿದ್ದ ವಾಡ್ಸ್‌ವರ್ತ್ ಹೌಸ್ ಎಂಬ ಹಳೆಯ ಕಟ್ಟಡದ ಮೇಲೆ ಅಂದು ಒಂದು ಫಲಕವನ್ನು ಅನಾವರಣಗೊಳಿಸಲಾಯಿತು. ನಾಗರಿಕ ಹಕ್ಕುಗಳ ಹೋರಾಟಗಾರ, ಸಂಸತ್ ಸದಸ್ಯ ಜಾನ್ ಲೂಯಿಸ್ ಜೊತೆಗಿದ್ದರು. ಫಲಕದಲ್ಲಿದ್ದುದು ನಾಲ್ಕು ಹೆಸರುಗಳು: ಟೈಟಸ್, ವೀನಸ್, ಬಿಲ್ಹಾ, ಜೂಬಾ. 18ನೆಯ ಶತಮಾನದಲ್ಲಿ ಬೆಂಜಮಿನ್ ವಾಡ್ಸ್‌ವರ್ತ್ ಮತ್ತು ಎಡ್ವರ್ಡ್ ಹೋಲಿಯೋಕ್ ಎಂಬ ಇಬ್ಬರು ಅಧ್ಯಕ್ಷರ ಮನೆಯಲ್ಲಿ ಗುಲಾಮರಾಗಿ ದುಡಿದವರು ಇವರು. ಗುಲಾಮಗಿರಿ ದಕ್ಷಿಣದ ಪಾಪ, ಉತ್ತರದ್ದು ವಿಮೋಚನೆಯ ಪುಣ್ಯ ಎಂಬ ಸುಲಭ ಕಥನವನ್ನು ಈ ನಾಲ್ಕು ಹೆಸರುಗಳು ಅಲುಗಾಡಿಸಿದವು. ಆ ಇಬ್ಬರು ಅಧ್ಯಕ್ಷರ ಉತ್ತರಾಧಿಕಾರಿಯಾಗಿದ್ದವರೇ ನಿಂತು ಅವನ್ನು ಓದಿದರೆಂಬುದೇ ಇಲ್ಲಿನ ವಿಶೇಷ. ಸೈನಿಕರ ಗೋರಿಗಳ ಮೇಲಿನ ಹೆಸರುಗಳ ಬಗೆಗೆ ಬರೆದ ಲೇಖನಿಯೂ ಈ ಫಲಕವೂ ಒಂದೇ ಚಿಂತನೆಯ ಎರಡು ಫಲಗಳು.

ಈ ಮಾತಿಗೆ ಗಂಭೀರವಾದ ಆಕ್ಷೇಪವೂ ಉಂಟು. ಸತ್ತವರ ಹೆಸರು ಹೇಳುವುದಕ್ಕೆ ಖರ್ಚಿಲ್ಲ. ಬದುಕಿರುವವರ ಪ್ರಶ್ನೆಗೆ ಉತ್ತರ ಹೇಳುವುದೇ ಕಷ್ಟ. ಕಲ್ಲಿದ್ದಲು, ತೈಲದ ಕಂಪನಿಗಳಲ್ಲಿ ತೊಡಗಿಸಿದ ಹಣವನ್ನು ಹಿಂತೆಗೆಯಬೇಕೆಂದು ವಿದ್ಯಾರ್ಥಿಗಳು ಒತ್ತಾಯಿಸಿದಾಗ, ನಿಧಿಯಿರುವುದು ವಿದ್ಯೆಗಾಗಿ, ರಾಜಕೀಯ ಪರಿವರ್ತನೆಯ ಸಾಧನವಾಗಿ ಅಲ್ಲ ಎಂದು 2013ರಲ್ಲಿ ಫೌಸ್ಟ್ ನಿರಾಕರಿಸಿದರು. ಫಲಕ ಸ್ಥಾಪಿಸಿದ ವರ್ಷವೇ, ಅಕ್ಟೋಬರಿನಲ್ಲಿ, ಹಾರ್ವರ್ಡ್‌ನ ಭೋಜನಶಾಲೆಗಳ ನೌಕರರು ವೇತನ ಮತ್ತು ಆರೋಗ್ಯವೆಚ್ಚದ ಪ್ರಶ್ನೆಯ ಮೇಲೆ ಮೂರು ವಾರ ಮುಷ್ಕರ ಹೂಡಬೇಕಾಯಿತು. ನಿವೃತ್ತಿಯ ಬೆನ್ನಲ್ಲೇ ಫೌಸ್ಟ್ ಗೋಲ್ಡ್‌ಮನ್ ಸ್ಯಾಕ್ಸ್ ಹಣಕಾಸು ಸಂಸ್ಥೆಯ ನಿರ್ದೇಶಕ ಮಂಡಳಿಯನ್ನು ಸೇರಿದುದೂ ಟೀಕೆಗೆ ಗುರಿಯಾಯಿತು. ಹ್ಯಾಮಂಡ್‌ನ ಸಮರ್ಥನೆಗಳ ಒಳಮರ್ಮ ಬಲ್ಲವರು ತಮ್ಮ ಸಂಸ್ಥೆಯ ಸಮರ್ಥನೆಗಳನ್ನು ಅಷ್ಟೇ ನಿಷ್ಠುರವಾಗಿ ಶೋಧಿಸಿದರೇ ಎಂದು ಕೇಳುವ ಹಕ್ಕು ನಮಗಿದೆ. ಪೂರ್ಣವಾಗಿ ಶೋಧಿಸಿದರೆಂದು ನಾನು ಹೇಳಲಾರೆ.

ಹಾಗೆಂದು ಆ ಫಲಕವನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದೂ ಸರಿಯಲ್ಲ. ಹೆಸರು ಹೇಳಿದ ಮೇಲೆ ಸಂಸ್ಥೆ ಅಲ್ಲಿಗೇ ನಿಲ್ಲಲಾಗುವುದಿಲ್ಲ. ಹೆಸರು ಮುಂದಿನ ಪ್ರಶ್ನೆಯನ್ನು ಹುಟ್ಟಿಸುತ್ತದೆ. 2017ರಲ್ಲಿ ವಿಶ್ವವಿದ್ಯಾನಿಲಯಗಳು ಮತ್ತು ಗುಲಾಮಗಿರಿಯನ್ನು ಕುರಿತು ಅಲ್ಲಿ ವಿಚಾರಸಂಕಿರಣ ನಡೆಯಿತು. ಮುಂದಿನ ಅಧ್ಯಕ್ಷ ಲಾರೆನ್ಸ್ ಬ್ಯಾಕೋ ಅವರ ಅವಧಿಯಲ್ಲಿ ರಚಿತವಾದ ಸಮಿತಿ 2022ರಲ್ಲಿ ವರದಿ ನೀಡಿದಾಗ, ನಾಲ್ವರಿದ್ದ ಪಟ್ಟಿ ಎಪ್ಪತ್ತನ್ನು ದಾಟಿತ್ತು. ಪರಿಹಾರಕಾರ್ಯಗಳಿಗೆಂದು 10 ಕೋಟಿ ಡಾಲರುಗಳನ್ನು ಸಂಸ್ಥೆ ಮೀಸಲಿಟ್ಟಿತು. ಆ ಮೊತ್ತ ಸಾಲದೆನ್ನುವವರ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಸಾಲದೆಂದು ಹೇಳಲಾದರೂ ಮೊದಲು ಋಣವಿದೆಯೆಂದು ಒಪ್ಪಿಕೊಂಡಿರಬೇಕು. ಋಣವನ್ನು ಗುರುತಿಸುವುದು ಇತಿಹಾಸಕಾರರ ಕೆಲಸ. ತೀರಿಸುವುದು ಆಡಳಿತದ ಕೆಲಸ. ಒಬ್ಬರಲ್ಲೇ ಎರಡೂ ಕೂಡಿದಾಗ ಮೊದಲನೆಯದಾದರೂ ನಡೆಯುತ್ತದೆ ಎಂಬುದು ಫೌಸ್ಟ್ ಅವರ ಬದುಕಿನಿಂದ ನಾನು ಕಂಡುಕೊಂಡ ಸತ್ಯ.

ಹಾರ್ವರ್ಡ್‌ನಲ್ಲಿ ಆ ಫಲಕ ಏರಿದ 2016, ನಮ್ಮ ಮೈಸೂರು ವಿಶ್ವವಿದ್ಯಾನಿಲಯಕ್ಕೆ ನೂರು ತುಂಬಿದ ವರ್ಷವೂ ಹೌದು. ಕರ್ನಾಟಕದ ಅನೇಕ ಕಾಲೇಜುಗಳು ಈಗ ಅಮೃತ ಮಹೋತ್ಸವ, ಶತಮಾನೋತ್ಸವಗಳ ಹೊಸ್ತಿಲಲ್ಲಿವೆ. ಇಂಥ ಸಂದರ್ಭಗಳ ಸ್ಮರಣ ಸಂಚಿಕೆಗಳನ್ನು ಸಾಮಾನ್ಯವಾಗಿ ಕನ್ನಡ ಮತ್ತು ಇತಿಹಾಸ ವಿಭಾಗದವರಿಗೇ ಒಪ್ಪಿಸಲಾಗುತ್ತದೆ. ದಾನಿಗಳ ಭಾವಚಿತ್ರ, ಪ್ರಾಂಶುಪಾಲರ ಪಟ್ಟಿ, ಗಣ್ಯರ ಸಂದೇಶಗಳಲ್ಲಿ ಪುಟಗಳು ತುಂಬುತ್ತವೆ. ಕಟ್ಟಡಕ್ಕೆ ಜಮೀನು ಬಿಟ್ಟುಕೊಟ್ಟ ರೈತರು, ಕಲ್ಲು ಹೊತ್ತವರು, ಹಾಸ್ಟೆಲಿನ ಅಡುಗೆಯವರು, ಪ್ರವೇಶವನ್ನೇ ಪಡೆಯಲಾಗದೆ ಹೊರಗುಳಿದ ಸಮುದಾಯಗಳು ಆ ಪುಟಗಳಲ್ಲಿ ಕಾಣಸಿಗುವುದು ಅಪರೂಪ.

ಶಾಸನಗಳನ್ನು ಓದುವ ನಮಗೆ ಇದು ಅಪರಿಚಿತ ವಿಚಾರವಾಗಬಾರದು. ದಾನಕೊಟ್ಟ ಅರಸನ ಬಿರುದಾವಳಿಯ ಕೊನೆಯಲ್ಲಿ ಎಷ್ಟೋ ಶಾಸನಗಳು ಬರೆದವನ, ಕಂಡರಿಸಿದ ರೂವಾರಿಯ ಹೆಸರನ್ನೂ ಹೇಳುತ್ತವೆ. ಹೊಯ್ಸಳ ಶಿಲ್ಪಿಗಳು ವಿಗ್ರಹದ ಪೀಠದ ಮೇಲೆ ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ನಮ್ಮ ಸಂಶೋಧನ ವಿದ್ಯಾರ್ಥಿಗಳು ಓದುವ ಸಂಸ್ಥೆಯ ಹಾಜರಿ ಪುಸ್ತಕ, ಸಂಬಳದ ವಹಿ, ಜಮೀನಿನ ಪತ್ರ, ಹಾಸ್ಟೆಲಿನ ಲೆಕ್ಕದ ಕಡತಗಳು ರದ್ದಿಗೆ ಹೋಗುವ ಮುನ್ನ ಅವುಗಳಲ್ಲಿರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ. ಅದಕ್ಕೆ ಕುಲಪತಿ ಪದವಿ ಬೇಕಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಯ ಬೀಗದ ಕೈ ಸಿಕ್ಕರೆ ಸಾಕು.