ಕೂದಲು ಕಸಿ: ವೈದ್ಯರು ಯಾರೆಂದು ಮೊದಲು ಕೇಳಿ



ದೆಹಲಿ, ನೊಯ್ಡಾ, ಗುರುಗ್ರಾಮಗಳಲ್ಲಿ ಕೂದಲು ಕಸಿ ಕ್ಲಿನಿಕ್‌ಗಳಿಗೆ ಈಗ ಸುಗ್ಗಿ. ಒಳಗೆ ಹೋದರೆ ಮೊದಲು ಎದುರಾಗುವವರು ವೈದ್ಯರಲ್ಲ, ಬಿಳಿ ಕೋಟು ತೊಟ್ಟ ‘ಕೌನ್ಸೆಲರ್’. ತಲೆ ನೋಡುವ ಮೊದಲೇ ಗ್ರಾಫ್ಟ್ (ಕಸಿ ಮಾಡುವ ಕೂದಲಿನ ಪುಟ್ಟ ಗುಚ್ಛ) ಲೆಕ್ಕದಲ್ಲಿ ದರ ಹೇಳಿ, ‘ಇವತ್ತೇ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ’ ಎನ್ನುತ್ತಾರೆ.

ದೆಹಲಿಯ ರೋಹಿಣಿಯ ಸಲೂನೊಂದರಲ್ಲಿ ಕಸಿ ಮಾಡಿಸಿಕೊಂಡ ವ್ಯಕ್ತಿ 2021ರಲ್ಲಿ ಮೃತಪಟ್ಟ ಪ್ರಕರಣದಲ್ಲಿ, ಅರ್ಹ ವೈದ್ಯರಿಲ್ಲದೆ ನಡೆಯುವ ಇಂಥ ಚಿಕಿತ್ಸೆಗಳ ಬಗ್ಗೆ ದೆಹಲಿ ಹೈಕೋರ್ಟ್ ಕಳವಳ ವ್ಯಕ್ತಪಡಿಸಿತ್ತು. ಯೂಟ್ಯೂಬ್ ಅಥವಾ ಕಾರ್ಯಾಗಾರ ನೋಡಿ ಕಲಿತದ್ದು ತರಬೇತಿಯಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಆದರೂ ಎಷ್ಟೋ ಕಡೆ ಕತ್ತರಿ ಹಿಡಿಯುವವರು ಟೆಕ್ನಿಷಿಯನ್ನರೇ.

ಕಸಿಯ ಬದಲು ಔಷಧದ ಮೊರೆ ಹೋಗುವವರೂ ಎಚ್ಚರದಿಂದಿರಬೇಕು. ಔಷಧ ನಿಯಮಗಳ ಶೆಡ್ಯೂಲ್ ‘ಜೆ’ ಪ್ರಕಾರ ಬೋಳುತಲೆಯನ್ನು ಗುಣಪಡಿಸುತ್ತದೆ ಎಂದು ಯಾವ ಔಷಧದ ಬಗ್ಗೆಯೂ ಹೇಳಿಕೊಳ್ಳುವಂತಿಲ್ಲ. ಕೂದಲು ಬೆಳೆಯಲು ಬಳಸುವ ಮಿನಾಕ್ಸಿಡಿಲ್ ಔಷಧದಿಂದ ಹಲವರಿಗೆ ಪ್ರಯೋಜನವಿದೆ, ಬಿಟ್ಟರೆ ಬಂದ ಕೂದಲು ಮತ್ತೆ ಉದುರುತ್ತದೆ. ಟೈಫಾಯ್ಡ್, ಡೆಂಗಿ, ಹೆರಿಗೆಯ ನಂತರ ಉದುರುವ ಕೂದಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ಬರುತ್ತದೆ. ಅದಕ್ಕೂ ಪ್ಯಾಕೇಜ್ ಮಾರುವವರಿದ್ದಾರೆ!

ಹಣ ಕಟ್ಟುವ ಮೊದಲು ವೈದ್ಯರ ನೋಂದಣಿ ಸಂಖ್ಯೆ ಕೇಳಿ, ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಪರಿಶೀಲಿಸಿ. ಕಸಿ ಮಾಡುವವರು ಯಾರು, ತುರ್ತು ಚಿಕಿತ್ಸೆಗೆ ಏನು ವ್ಯವಸ್ಥೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಏಮ್ಸ್, ಸಫ್ದರ್‌ಜಂಗ್ ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ದೆಹಲಿ ಸರ್ಕಾರ ಪ್ರತಿ ಕ್ಲಿನಿಕ್‌ನ ಬಾಗಿಲಲ್ಲಿ ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆಯ ಫಲಕವನ್ನು ಕಡ್ಡಾಯಗೊಳಿಸಿ, ಆಗಾಗ ತಪಾಸಣೆ ನಡೆಸಲಿ.

– ಓರ್ವ ಓದುಗ, ಮಯೂರ ವಿಹಾರ, ದೆಹಲಿ