ಓದಿದ ಕಾದಂಬರಿ, ನೋಡಿದ ಚಿತ್ರ

ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ 1972ರಲ್ಲಿ ತೆರೆಗೆ ಬಂತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಒಗ್ಗಿಸಿದ ಕೃತಿ ಅದು. ಜನ ಚಿತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಕಾದಂಬರಿಕಾರರಿಗೆ ಮಾತ್ರ ಅದು ಹಿಡಿಸಲಿಲ್ಲ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಮೂರನ್ನೂ ಓದಿ ಮೆಚ್ಚಿದವರು ಮತ್ತು ಚಿತ್ರವನ್ನಷ್ಟೇ ನೋಡಿ ಮೆಚ್ಚಿದವರು ಎದುರುಬದುರಾದಾಗ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಓದಿದ ಕಾದಂಬರಿಯನ್ನೇ ಅಳತೆಗೋಲಾಗಿ ಹಿಡಿದು ಚಿತ್ರವನ್ನು ತೂಗುವುದು ನ್ಯಾಯವೇ?

ನ್ಯಾಯವೇ ಎನ್ನುವ ಓದುಗರ ವಾದವನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ. ಕಾದಂಬರಿ ಹೆಸರು ಮಾಡಿದ್ದರಿಂದಲೇ ನಿರ್ಮಾಪಕ ಅದನ್ನು ಹುಡುಕಿಕೊಂಡು ಬರುತ್ತಾನೆ. ಆ ಹೆಸರನ್ನು ಕಟ್ಟಿದವರಲ್ಲಿ ಓದುಗರೂ ಸೇರಿದ್ದಾರೆ. ಪೋಸ್ಟರಿನ ಮೇಲೆ ಕಾದಂಬರಿಯ ಹೆಸರಿಟ್ಟು ಟಿಕೆಟ್ ಮಾರಿದ ಮೇಲೆ, ಅದರೊಳಗಿನದು ಎಷ್ಟು ಉಳಿದಿದೆ ಎಂದು ಕೇಳುವುದು ಅತಿಯಾಯಿತೆನ್ನಲಾಗದು. ಕಾದಂಬರಿಕಾರ್ತಿ ತ್ರಿವೇಣಿಯವರ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಅವರು ತೀರಿಕೊಂಡದ್ದು 1963ರಲ್ಲಿ. ‘ಬೆಳ್ಳಿಮೋಡ’ ಚಿತ್ರವಾದದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ಎರಡನ್ನೂ ಅವರು ನೋಡಲಿಲ್ಲ. ‘ಶರಪಂಜರ’ದ ನಾಯಕಿಯನ್ನು ನೋಡಿ, ಇದು ನನ್ನ ಕಾವೇರಿ ಹೌದು, ಅಲ್ಲ ಎಂದು ಹೇಳುವ ಅವಕಾಶವೇ ಅವರಿಗೆ ಸಿಗಲಿಲ್ಲ. ಅಂಥ ಕಡೆ ಲೇಖಕಿಯ ಪರವಾಗಿ ಮಾತಾಡಲು ಅವರ ಓದುಗರಲ್ಲದೆ ಇನ್ನಾರಿದ್ದಾರೆ?

ಆದರೆ ಪ್ರೇಕ್ಷಕರ ಪಕ್ಷವೂ ಅಷ್ಟೇ ಗಟ್ಟಿಯಾಗಿದೆ. ಕಾದಂಬರಿಯನ್ನು ಸಾಲುಸಾಲಾಗಿ ತೆರೆಗೆ ತರುವುದು ಸಾಧ್ಯವೂ ಅಲ್ಲ, ಬಹುಮಟ್ಟಿಗೆ ಬೇಕಾದದ್ದೂ ಅಲ್ಲ. ‘ನಾಗರಹಾವು’ ಚಿತ್ರದ ಕೊನೆಯ ಭಾಗವನ್ನು ಗಮನಿಸಿ. ಚಿತ್ರದುರ್ಗದ ಬಂಡೆಗಳ ನಡುವೆ ಚಾಮಯ್ಯ ಮೇಷ್ಟ್ರು, ರಾಮಾಚಾರಿ, ಮಾರ್ಗರೆಟ್. ಅವರಿಬ್ಬರ ಪ್ರೇಮವನ್ನು ಮೇಷ್ಟ್ರು ಒಪ್ಪುವುದಿಲ್ಲ, ಆವೇಶದಲ್ಲಿ ಶಿಷ್ಯನ ಕೈ ಅವರನ್ನು ತಳ್ಳಿಬಿಡುತ್ತದೆ. ಮೇಷ್ಟ್ರಾದ ಅಶ್ವತ್ಥ್ ಅವರ ಮುಖದಲ್ಲಿ ಕೋಪ ಇನ್ನೂ ಆರಿರುವುದಿಲ್ಲ, ಅದರ ಅಡಿಯಲ್ಲಿ ವಾತ್ಸಲ್ಯವೂ ಹೋಗಿರುವುದಿಲ್ಲ. ರಾಮಾಚಾರಿಯಾದ ವಿಷ್ಣುವರ್ಧನ್ ಅವರ ಕಣ್ಣಿನಲ್ಲಿ ಮಾಡಿದ್ದು ಅರಿವಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇಷ್ಟನ್ನೂ ಕ್ಯಾಮೆರಾ ಕೆಲವೇ ಕ್ಷಣಗಳಲ್ಲಿ ಹಿಡಿದುಬಿಡುತ್ತದೆ. ಕಾದಂಬರಿಗಳನ್ನು ಓದದವರ ಎದೆಯಲ್ಲೂ ಈ ದೃಶ್ಯ ನಿಂತಿದೆ. ಆ ಮೆಚ್ಚುಗೆ ಓದಿನ ಹಂಗಿಲ್ಲದೆ ಹುಟ್ಟಿದ್ದೆಂಬ ಕಾರಣಕ್ಕೆ ಅದನ್ನು ಕಡಿಮೆ ದರ್ಜೆಯದೆಂದು ಎಣಿಸುವುದು ಸರಿಯಾಗಲಾರದು.

ಇದಕ್ಕೆ ಓದುಗರು ಕೊಡುವ ಮರುತ್ತರ ಸೂಕ್ಷ್ಮವಾದದ್ದು, ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಅತ್ಯಂತ ಕಠಿಣವಾದದ್ದು. ಘಟನೆ ಬಿಟ್ಟುಹೋದರೆ ಚಿಂತೆಯಿಲ್ಲ, ಒಳಮಾತು ಬಿಟ್ಟುಹೋದರೆ ಏನು ಮಾಡುವುದು ಎನ್ನುತ್ತಾರೆ ಅವರು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಹೆಚ್ಚಾಗಿ ನಡೆಯುವುದೇ ಪ್ರಾಣೇಶಾಚಾರ್ಯರ ಮನಸ್ಸಿನೊಳಗೆ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಿರುವಾಗ, ಚಂದ್ರಿಯ ಸಂಗದ ನಂತರ ಊರು ಬಿಟ್ಟು ನಡೆಯುವಾಗ, ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುವ ಆ ಆಚಾರ್ಯರನ್ನು ಓದುಗ ಪುಟಗಟ್ಟಲೆ ಒಳಗಿನಿಂದ ಬಲ್ಲ. ಪಟ್ಟಾಭಿರಾಮ ರೆಡ್ಡಿಯವರ ಚಿತ್ರದಲ್ಲಿ (1970) ನಮ್ಮೆದುರು ಇರುವುದು ಗಿರೀಶ ಕಾರ್ನಾಡರ ಮುಖ, ನಡಿಗೆ, ಮೌನ. ಅವು ಎಷ್ಟು ಸಮರ್ಥವಾಗಿದ್ದರೂ ಆಚಾರ್ಯರನ್ನು ನಾವು ಹೊರಗೆ ನಿಂತೇ ನೋಡಬೇಕು.

ನಷ್ಟ ಇದೆ, ಒಪ್ಪಬೇಕು. ಆದರೆ ಗಳಿಕೆಯೂ ಇಲ್ಲದಿಲ್ಲ. ಅಗ್ರಹಾರ ತೆರೆಯ ಮೇಲೆ ಕಪ್ಪು-ಬಿಳುಪಿನಲ್ಲಿ ಕಂಡಾಗ, ಶವವಿರುವ ಮನೆಗೂ ಉಳಿದ ಮನೆಗಳಿಗೂ ಇರುವ ದೂರ ಎಷ್ಟು ಕಡಿಮೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಚಿತ್ರವಾಗಿಸಿದಾಗ, ಪುಟದಲ್ಲಿ ಹೆಸರಷ್ಟೇ ಆಗಿದ್ದ ದುಡಿಗೆ ನಾದ ಬಂತು. ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಚೋಮನನ್ನು ನೋಡಿದ ಮೇಲೆ ಕಾದಂಬರಿಯನ್ನು ಮತ್ತೆ ತೆರೆದವರಿಗೆ ಓದು ಬಡವಾಗಿ ಕಂಡಿರಲಿಕ್ಕಿಲ್ಲ.

ಹಾಗಾದರೆ ಎತ್ತ ವಾಲಬೇಕು? ಹಿಂಜರಿಕೆಯಿಂದಲೇ ಹೇಳುವುದಾದರೆ, ಕಾದಂಬರಿಯ ಘಟನೆ, ಪಾತ್ರ, ಕೊನೆ ಇವುಗಳ ವಿಷಯದಲ್ಲಿ ನಿರ್ದೇಶಕನಿಗೆ ಧಾರಾಳ ಸ್ವಾತಂತ್ರ್ಯ ಕೊಡಬಹುದು. ಮೂರು ಕಾದಂಬರಿಗಳನ್ನು ಒಂದಾಗಿಸುವವನಿಗೆ ಅದಿಲ್ಲದೆ ಗತಿಯೂ ಇಲ್ಲ. ಕೃತಿ ಎತ್ತಿದ ನೈತಿಕ ಪ್ರಶ್ನೆಯ ವಿಷಯದಲ್ಲಿ ಮಾತ್ರ ಓದುಗರ ತಕರಾರಿಗೆ ಕಿವಿಗೊಡಬೇಕೆನಿಸುತ್ತದೆ. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಸಡಿಲಿಸಿ ‘ಸಂಸ್ಕಾರ’ವನ್ನು ಬರಿಯ ಪ್ರಣಯಕಥೆಯಾಗಿ ತೆಗೆದಿದ್ದರೆ, ಛಾಯಾಗ್ರಹಣ ಎಷ್ಟೇ ಚೆನ್ನಾಗಿದ್ದರೂ ಆ ದೂರು ನಿಲ್ಲುತ್ತಿತ್ತು. ಪಟ್ಟಾಭಿರಾಮ ರೆಡ್ಡಿ ಹಾಗೆ ಮಾಡಲಿಲ್ಲ. ‘ನಾಗರಹಾವು’ ಈ ಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ಗೆಲ್ಲುತ್ತದೆಂಬ ಬಗ್ಗೆ ಪ್ರಾಮಾಣಿಕರು ಇನ್ನೂ ಭಿನ್ನವಾಗಿ ಯೋಚಿಸಬಹುದು. ಆದರೆ ಆ ತೀರ್ಪು ಕೊಡುವ ಮೊದಲು, ಓದಿದವರು ಚಿತ್ರವನ್ನು ಒಮ್ಮೆ ಪುಸ್ತಕ ಬದಿಗಿಟ್ಟು ನೋಡಲಿ, ನೋಡಿದವರು ಮೂರೂ ಕಾದಂಬರಿಗಳನ್ನು ಓದಲಿ ಎಂದಷ್ಟೇ ಕೇಳಿಕೊಳ್ಳಬಹುದು.