ಹಸಿರು ಚಹಾ: ಪಾನೀಯವೋ, ಔಷಧವೋ?

ಚಹಾ ಕುಡಿದರೆ ಆಯುಸ್ಸು ಹೆಚ್ಚುವುದೇ? ಈ ಪ್ರಶ್ನೆ ಹೊಸದಲ್ಲ. ಜಪಾನಿನ ಬೌದ್ಧ ಭಿಕ್ಷು ಏಸೈ ಎಂಬಾತನು 1211ರಷ್ಟು ಹಿಂದೆಯೇ ಚಹಾದ ಆರೋಗ್ಯಗುಣಗಳನ್ನು ಹೊಗಳಿ ಗ್ರಂಥವನ್ನು ರಚಿಸಿದ್ದನು.

ನಾವು ಹಾಲು ಬೆರೆಸಿ ಕುಡಿಯುವ ಚಹಾವೂ ಹಸಿರು ಚಹಾವೂ ಒಂದೇ ಗಿಡದ ಎಲೆಗಳು. ಕೊಯ್ದ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಬೇಗನೆ ಹಬೆಯಲ್ಲಿಟ್ಟರೆ ಹಸಿರಾಗಿಯೇ ಉಳಿಯುತ್ತದೆ. ಕ್ಯಾಟೆಚಿನ್ ಎಂಬ ಒಗರು ದ್ರವ್ಯಗಳೂ ಅದರಲ್ಲಿ ಹೆಚ್ಚಾಗಿ ಉಳಿಯುತ್ತವೆ. ಹಸಿರು ಚಹಾದ ಕೀರ್ತಿಗೆ ಇವೇ ಮೂಲ.

ಆ ಕೀರ್ತಿ ತೀರ ನಿರಾಧಾರವೂ ಅಲ್ಲ. ಜಪಾನಿನ ಓಸಾಕಿ ಪ್ರದೇಶದ 40,530 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಬಟ್ಟಲು ಅಥವಾ ಹೆಚ್ಚು ಕುಡಿಯುತ್ತಿದ್ದವರಲ್ಲಿ, ಒಂದು ಬಟ್ಟಲಿಗಿಂತಲೂ ಕಡಮೆ ಕುಡಿಯುತ್ತಿದ್ದವರಿಗಿಂತ, ಹೃದಯ ಮತ್ತು ರಕ್ತನಾಳಗಳ ರೋಗದಿಂದಾದ ಸಾವುಗಳು ಕಡಮೆಯಿದ್ದವು. ಕ್ಯಾನ್ಸರಿನ ಸಾವುಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಇದು ಚಹಾದ ಫಲವೇ ಎಂದು ಖಂಡಿತವಾಗಿ ಹೇಳಲಾಗದು. ಕುಡಿಯುವವರ ಉಳಿದ ಜೀವನಕ್ರಮವೂ ಕಾರಣವಾಗಿರಬಹುದಷ್ಟೆ.

ಅತಿಯಾದರೆ ಅಮೃತವೂ ವಿಷ. ಮೈ ಕರಗಿಸುವ ಆತುರದಿಂದ ಕೆಲವರು ಹಸಿರು ಚಹಾದ ಸಾರದ ಗುಳಿಗೆಗಳನ್ನು ನುಂಗುವುದುಂಟು. ಪ್ರಧಾನ ಕ್ಯಾಟೆಚಿನ್ನನ್ನು ಹೀಗೆ ದಿನಕ್ಕೆ 800 ಮಿಲಿಗ್ರಾಂ ಅಥವಾ ಮಿಗಿಲಾಗಿ ಸೇವಿಸಿದರೆ ಯಕೃತ್ತಿಗೆ ತೊಂದರೆಯಾಗಬಹುದೆಂದು ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು.

ಗೃಹಿಣಿಯರು ಗಮನಿಸಬೇಕಾದ ಮಾತು ಇನ್ನೊಂದಿದೆ. ಊಟದೊಡನೆ ಕುಡಿದ ಚಹಾ, ಸೊಪ್ಪು-ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೂಡಲು ಅಡ್ಡಿಮಾಡುತ್ತದೆ. ರಕ್ತಹೀನತೆಯುಳ್ಳವರು ಊಟಕ್ಕೂ ಚಹಾಕ್ಕೂ ನಡುವೆ ಗಂಟೆಯೊಂದರ ಅಂತರವನ್ನಾದರೂ ಇಡುವುದು ಲೇಸು. ದಿನಕ್ಕೆರಡು ಬಟ್ಟಲು ಸುಖವಾಗಿ ಕುಡಿಯಿರಿ. ಕಾಯಿಲೆಗೆ ಮಾತ್ರ ವೈದ್ಯರನ್ನೇ ಕಾಣಿರಿ.